‘ಮಾರ್ಕ್ಸ್ ಕಡಿಮೆ ಬಂತು, ಅದಕ್ಕೇ’: ಹದಿನಾರರ ಹುಡುಗನ ಒಂದು ಪ್ರಕರಣ

ಕಾಲೇಜಿನಿಂದ ಬಂದ ಪತ್ರದಲ್ಲಿ ಇದ್ದದ್ದು ಮೂರೇ ಸಾಲು. ಪ್ರಥಮ ಪಿಯುಸಿ ವಿಜ್ಞಾನ ವಿದ್ಯಾರ್ಥಿ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಕಾರಣ ಸಾಯುವ ಮಾತಾಡುತ್ತಿದ್ದಾನೆ. ಆಪ್ತಸಮಾಲೋಚನೆ ಅಗತ್ಯ.

ಹದಿಹರೆಯದವರ ವಿಷಯದಲ್ಲಿ ನಮ್ಮ ಕೈಗೆ ಬರುವ ಪತ್ರಗಳೆಲ್ಲ ಹೆಚ್ಚುಕಡಿಮೆ ಹೀಗೇ ಇರುತ್ತವೆ. ಒಂದು ಮಗು, ಒಂದು ಕಾರಣ. ಮಾರ್ಕ್ಸು, ಮೊಬೈಲು, ಲವ್ವು, ಇಲ್ಲವೇ ಅಪ್ಪ ಬೈದದ್ದು. ಈ ಹುಡುಗನ ವಿಷಯವನ್ನು ಪೂರ್ತಿಯಾಗಿ ಬರೆಯಲು ಹೊರಟಿರುವುದೂ ಅದಕ್ಕೇ. ಅವನ ಮನೆಯಲ್ಲಿ ಹತ್ತು ವರ್ಷದ ಹಿಂದೆ ಇನ್ನೊಂದು ಸಾವಾಗಿತ್ತು. ಅದಕ್ಕೂ ಎಲ್ಲರೂ ಒಂದೇ ಕಾರಣ ಕೊಟ್ಟು ಕೈತೊಳೆದುಕೊಂಡಿದ್ದರು. ಆ ಕಾರಣವನ್ನು ನಂಬಿಕೊಂಡೇ ಈ ಹುಡುಗ ಬೆಳೆದಿದ್ದ.

ಹೆಸರು, ಮನೆಯ ವಿವರ, ಗುರುತು ಸಿಗಬಹುದಾದ ಎಲ್ಲವನ್ನೂ ಬದಲಿಸಿದ್ದೇನೆ. ಇದೇ ಬಗೆಯ ಬೇರೆ ಮಕ್ಕಳ ಸಂಗತಿಗಳನ್ನೂ ಇದರಲ್ಲಿ ಬೆರೆಸಿದ್ದೇನೆ. ಹಾಗಾಗಿ ಇದು ಯಾವ ಒಬ್ಬ ಹುಡುಗನ ಕಥೆಯೂ ಅಲ್ಲ. ಅವನನ್ನು ಸುಮಂತ ಎಂದು ಕರೆಯುತ್ತೇನೆ. ಇದನ್ನು ಓದುತ್ತಿರುವ ನಿಮಗೇ ಬದುಕು ಬೇಡ ಅನ್ನಿಸುತ್ತಿದ್ದರೆ, ಓದುವುದನ್ನು ಇಲ್ಲಿಗೇ ನಿಲ್ಲಿಸಿ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ಹುಡುಗ ಮತ್ತು ಮನೆ

ಪಾಂಡವಪುರ ತಾಲ್ಲೂಕಿನ ಹಳ್ಳಿ. ನಾಲೆಯ ಕೊನೆ ಭಾಗದ ಎರಡು ಎಕರೆ, ನೀರು ಬಂದ ವರ್ಷ ಕಬ್ಬು, ಬಾರದ ವರ್ಷ ರಾಗಿ. ಕೊರೆಸಿದ ಬೋರ್‌ವೆಲ್‌ಗಳಲ್ಲಿ ಒಂದರಲ್ಲಿ ಮಾತ್ರ ನೀರು. ಅಪ್ಪನಿಗೆ ಸೊಸೈಟಿ ಸಾಲ ಮತ್ತು ಕೈಸಾಲ, ಅವ್ವನಿಗೆ ವಾರವಾರ ಕಟ್ಟುವ ಸಂಘದ ಕಂತು. ಅಕ್ಕನಿಗೆ ಮದುವೆಯಾಗಿದೆ.

ಹುಡುಗ ಕನ್ನಡ ಮಾಧ್ಯಮ. ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 588. ಊರಿನ ಯುವಕರು ಅರಳಿಕಟ್ಟೆ ಹತ್ತಿರ ಫ್ಲೆಕ್ಸ್ ಕಟ್ಟಿಸಿದರು. ಅಷ್ಟೆತ್ತರದಲ್ಲಿ ಅವನ ಫೋಟೊ, ಕೆಳಗೆ ‘ನಮ್ಮೂರ ಹೆಮ್ಮೆ, ಭಾವಿ ಡಾಕ್ಟರ್’. ಡಾಕ್ಟರ್ ಆಗಬೇಕು ಎಂದು ಅವನು ಯಾರ ಹತ್ತಿರವೂ ಹೇಳಿರಲಿಲ್ಲ.

ಜೂನ್‌ನಲ್ಲಿ ಮೈಸೂರಿನ ಖಾಸಗಿ ಕಾಲೇಜು, ಹಾಸ್ಟೆಲ್. ಪಾಠವೆಲ್ಲ ಇಂಗ್ಲಿಷಿನಲ್ಲಿ. ಬೆಳಿಗ್ಗೆ ಐದೂವರೆಗೆ ಸ್ಟಡಿ ಅವರ್, ರಾತ್ರಿ ಹತ್ತೂವರೆಗೆ ಲೈಟ್ ಆಫ್. ಫೋನ್ ವಾರ್ಡನ್ ಹತ್ತಿರ, ಭಾನುವಾರ ಮಾತ್ರ ಕೈಗೆ. ಆಗಸ್ಟ್ ಹೊತ್ತಿಗೆ ಅವನಿಗೆ ನಿದ್ದೆ ಕೆಟ್ಟಿತು. ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ದಸರಾ ರಜೆಗೆ ಎಲ್ಲರೂ ಊರಿಗೆ ಹೋದರೆ ಇವನು ‘ಸ್ಪೆಷಲ್ ಕ್ಲಾಸ್ ಇದೆ’ ಎಂದು ಮನೆಗೆ ಸುಳ್ಳು ಹೇಳಿ ಸಂಬಂಧಿಕರ ರೂಮಿನಲ್ಲಿ ಉಳಿದ. ಮಧ್ಯವಾರ್ಷಿಕದ ಭೌತಶಾಸ್ತ್ರದಲ್ಲಿ 70ಕ್ಕೆ 17 ಬಂದದ್ದು ಆಮೇಲೆ. ಈ ಕ್ರಮ ಗಮನಿಸಬೇಕು. ಅಂಕ ಕಡಿಮೆಯಾಗಿ ಮನಸ್ಸು ಕೆಟ್ಟಿದ್ದಲ್ಲ. ಮನಸ್ಸು, ನಿದ್ದೆ ಎರಡೂ ಕೆಟ್ಟು ಎರಡು ತಿಂಗಳಾದ ಮೇಲೆ ಅಂಕ ಕಡಿಮೆಯಾಗಿದೆ.

ವಿಷಯ ಹೊರಗೆ ಬಂದದ್ದು ರೂಮ್‌ಮೇಟ್‌ನಿಂದ. ಹುಣಸೂರು ಕಡೆಯ ಹುಡುಗ. ಸುಮಂತ ತನ್ನ ಕ್ರಿಕೆಟ್ ಬ್ಯಾಟನ್ನು ಅವನಿಗೆ ಕೊಟ್ಟು ‘ಇದು ಇನ್ಮೇಲೆ ನಿಂದೇ ಇಟ್ಕೊ’ ಅಂದಿದ್ದ. ಎರಡು ದಿನ ಬಿಟ್ಟು ವಿಷಯ ಹೇಳಿ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದ. ಆ ಹುಡುಗ ಒಂದು ರಾತ್ರಿ ಒದ್ದಾಡಿ, ಬೆಳಿಗ್ಗೆ ಕನ್ನಡ ಉಪನ್ಯಾಸಕರ ಹತ್ತಿರ ಹೋಗಿ ಅಳುತ್ತಾ ಹೇಳಿದ. ಇಡೀ ಪ್ರಕರಣದಲ್ಲಿ ಸುಮಂತನ ಜೀವ ಉಳಿಸಿದ ಕೆಲಸ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಈ ವಯಸ್ಸಿನವರು ಮೊದಲು ಹೇಳಿಕೊಳ್ಳುವುದು ಸ್ನೇಹಿತರ ಹತ್ತಿರ. ಇಂಥ ಗುಟ್ಟನ್ನು ಉಳಿಸಿಕೊಳ್ಳುವುದು ಸ್ನೇಹವಲ್ಲ, ನಂಬಿಕೆಯ ಒಬ್ಬ ದೊಡ್ಡವರಿಗೆ ಮುಟ್ಟಿಸಬೇಕು ಎಂದು ನಾವು ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿರಬೇಕು. ಉಪನ್ಯಾಸಕರೂ ಬೈಯಲಿಲ್ಲ, ಬುದ್ಧಿ ಹೇಳಲು ಕೂರಲಿಲ್ಲ. ಸುಮಂತನನ್ನು ಒಂಟಿಯಾಗಿ ಬಿಡದೆ ಜೊತೆಯಲ್ಲೇ ತಿಂಡಿ ತಿನ್ನಿಸಿ, ಅವತ್ತೇ ನಮ್ಮ ಹತ್ತಿರ ಕರೆದುಕೊಂಡು ಬಂದರು.

ಮೊದಲ ಭೇಟಿ

ಅಪ್ಪ ಅವ್ವ ಊರಿಂದ ಬರುವಷ್ಟರಲ್ಲಿ ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿದೆ. ಮೊದಲೇ ಒಂದು ಮಾತು ಹೇಳಿದೆ: ನೀನು ಹೇಳಿದ್ದನ್ನು ನಾನು ಸುಮ್ಮಸುಮ್ಮನೆ ಯಾರಿಗೂ ಹೇಳುವುದಿಲ್ಲ, ಆದರೆ ನಿನ್ನ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಅಪ್ಪ ಅವ್ವನಿಗೆ, ಡಾಕ್ಟರಿಗೆ ಹೇಳಲೇಬೇಕು, ಹೇಳುವ ಮುಂಚೆ ನಿನಗೆ ತಿಳಿಸುತ್ತೇನೆ. ಮಕ್ಕಳು ಇದನ್ನು ಒಪ್ಪುತ್ತಾರೆ. ಆಮೇಲೆ ಗೊತ್ತಾದರೆ ಮಾತ್ರ ನಂಬಿಕೆ ಮುರಿದುಕೊಳ್ಳುತ್ತಾರೆ.

ನಿದ್ದೆ, ಊಟ, ಓದು, ಹಾಸ್ಟೆಲ್ ಎಲ್ಲ ಆದ ಮೇಲೆ ನೇರವಾಗಿ ಕೇಳಿದೆ. ‘ಇಷ್ಟು ಕಷ್ಟದಲ್ಲಿರೋ ಕೆಲವರಿಗೆ ಬದುಕೋದೇ ಬೇಡ ಅನ್ನಿಸಿಬಿಡುತ್ತೆ. ನಿನಗೆ ಹಾಗೆ ಅನ್ನಿಸಿದೆಯಾ?’

‘ಹೂಂ ಮೇಡಂ.’

‘ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ?’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಮೊದ್ಲು ಸುಮ್ನೆ, ಬೆಳಿಗ್ಗೆ ಎದ್ದೇಳ್ದೆ ಇದ್ರೆ ಸಾಕು ಅನ್ನಿಸ್ತಿತ್ತು. ಈಗ ಹದಿನೈದು ದಿವ್ಸದಿಂದ ಬೇರೆ ಥರ.’

ಆತ್ಮಹತ್ಯೆಯ ಬಗ್ಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಮೇಷ್ಟರುಗಳಿಗೆ, ಹೆತ್ತವರಿಗೆ ಬಹಳ ಇದೆ. ಸಂಶೋಧನೆಗಳು ಇದನ್ನು ಮತ್ತೆ ಮತ್ತೆ ಪರೀಕ್ಷಿಸಿ ನೋಡಿವೆ. ಕೇಳುವುದರಿಂದ ಯೋಚನೆ ಹೆಚ್ಚಾಗುವುದಿಲ್ಲ, ಎಷ್ಟೋ ಮಂದಿಗೆ ಹಗುರಾಗುತ್ತದೆ. ಸುಮಂತನ ಭುಜ ಅವತ್ತು ಕಣ್ಣಿಗೆ ಕಾಣುವಂತೆ ಸಡಿಲವಾಯಿತು.

ಅವನು ಹೇಳಿದ ‘ಬೇರೆ ಥರ’ ತುಂಬ ಮುಖ್ಯ. ಎದ್ದೇಳದಿದ್ದರೆ ಸಾಕು ಅನ್ನುವುದು ಒಂದು ಹಂತ. ನಾನೇ ಏನಾದರೂ ಮಾಡಿಕೊಳ್ಳಬೇಕು ಅನ್ನುವುದು ಮುಂದಿನದು. ಹೇಗೆ, ಎಲ್ಲಿ, ಯಾವತ್ತು ಎಂದು ಯೋಚಿಸಿದ್ದರೆ, ತಯಾರಿ ಮಾಡಿಕೊಂಡಿದ್ದರೆ ಅಪಾಯ ಇನ್ನೂ ಹತ್ತಿರ. ಹಿಂದೆ ಪ್ರಯತ್ನ ಮಾಡಿದ್ದರೆ, ತನಗೆ ತಾನೇ ಗಾಯ ಮಾಡಿಕೊಂಡಿದ್ದರೆ ಅದಕ್ಕೆ ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇವೆ. ಸುಮಂತ ಹಿಂದೆ ಪ್ರಯತ್ನ ಮಾಡಿರಲಿಲ್ಲ. ಹೇಗೆ ಎಂದು ಯೋಚಿಸಿದ್ದ, ಊರಿಗೆ ಹೋದಾಗ ಎಂದು ಅಂದುಕೊಂಡಿದ್ದ. ಆ ವಿವರ ಇಲ್ಲಿ ಬರೆಯುವುದಿಲ್ಲ. ಅದೇ ಸ್ಥಿತಿಯಲ್ಲಿರುವ ಇನ್ನೊಂದು ಮಗು ಇದನ್ನು ಓದುತ್ತಿರಬಹುದು.

ಮನೋವೈದ್ಯರು ಅವತ್ತೇ ನೋಡಿದರು. ಖಿನ್ನತೆ, ಮಧ್ಯಮ ಪ್ರಮಾಣದ್ದು. ರಕ್ತಹೀನತೆ, ಥೈರಾಯ್ಡ್ ತೊಂದರೆ ಇದೆಯೇ ಎಂದು ತಿಳಿಯಲು ರಕ್ತ ಪರೀಕ್ಷೆ ಮಾಡಿಸಿದರು, ಅವು ಸರಿಯಿದ್ದವು. ಕುಡಿತ, ಗಾಂಜಾ ಇರಲಿಲ್ಲ. ಹೊಡೆತ, ಲೈಂಗಿಕ ದೌರ್ಜನ್ಯದ ಬಗ್ಗೆಯೂ ಎಲ್ಲ ಮಕ್ಕಳಿಗೂ ಕೇಳುವ ಹಾಗೆ ಕೇಳಿದೆವು, ಇರಲಿಲ್ಲ. ಆದರೆ ಹಾಸ್ಟೆಲ್‌ನಲ್ಲಿ ಇವನ ಇಂಗ್ಲಿಷ್ ಉಚ್ಚಾರಣೆಯನ್ನು ಅಣಕಿಸುವ ಗುಂಪೊಂದು ಇತ್ತು. ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವುದನ್ನು ಜುಲೈನಲ್ಲೇ ಬಿಟ್ಟಿದ್ದ.

ನೋಟ್‌ಬುಕ್ಕಿನ ಕೊನೆಯ ಪುಟ

‘ಮನೆಯವರಿಗೆ ನೀನು ಏನು ಅಂತ ಅನ್ನಿಸುತ್ತೆ?’ ಎಂದು ಕೇಳಿದಾಗ ಅವನು ಮಾತಾಡಲಿಲ್ಲ. ಬ್ಯಾಗಿನಿಂದ ಭೌತಶಾಸ್ತ್ರದ ನೋಟ್‌ಬುಕ್ ತೆಗೆದು ಕೊನೆಯ ಪುಟ ತೋರಿಸಿದ. ಸ್ಕೇಲ್ ಇಟ್ಟು ಗೆರೆ ಎಳೆದು, ಅಂಗಡಿ ಲೆಕ್ಕದ ಹಾಗೆ ಬರೆದಿದ್ದ. ಕಾಲೇಜು ಫೀಸು 62,000. ಹಾಸ್ಟೆಲ್ 58,000. ಯೂನಿಫಾರ್ಮ್ 4,200. ಪುಸ್ತಕ 6,500. ಬಸ್ಸು 1,300. ಕೊನೆಗೆ ‘ಮಸಾಲೆ ದೋಸೆ 60’. ಹುಟ್ಟಿದ ಹಬ್ಬದ ದಿನ ದೇವರಾಜ ಅರಸು ರಸ್ತೆಗೆ ಸ್ನೇಹಿತರ ಜೊತೆ ಹೋಗಿ ತಿಂದದ್ದು. ಒಟ್ಟು 1,32,060. ಅದರ ಪಕ್ಕದಲ್ಲಿ ‘ಅವ್ವನ ಸರ’ ಎಂದು ಬರೆದು ಸುತ್ತ ಒಂದು ಚೌಕ ಹಾಕಿದ್ದ. ಫೀಸು ಕಟ್ಟಲು ಅವ್ವ ಸರ ಅಡವಿಟ್ಟದ್ದು ಅವನಿಗೆ ಹೇಳಿರಲಿಲ್ಲ, ಖಾಲಿ ಕತ್ತು ನೋಡಿ ತಿಳಿದುಕೊಂಡಿದ್ದ.

‘ನಾನಿಲ್ದೆ ಇದ್ರೆ ಇಷ್ಟು ಉಳೀತಿತ್ತು ಮೇಡಂ.’

ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ 2005ರಲ್ಲಿ ಮುಂದಿಟ್ಟ ಒಂದು ವಿವರಣೆ ಇದೆ. ನಾನು ಎಲ್ಲಿಗೂ ಸೇರಿದವನಲ್ಲ ಅನ್ನುವ ಭಾವನೆ, ನಾನು ಉಳಿದವರಿಗೆ ಹೊರೆ ಅನ್ನುವ ಭಾವನೆ ಎರಡೂ ಒಟ್ಟಿಗೆ ಬಂದು, ಇದು ಬದಲಾಗುವುದೇ ಇಲ್ಲ ಅನ್ನಿಸಿದಾಗ ಸಾಯುವ ಬಯಕೆ ಹುಟ್ಟುತ್ತದೆ ಎಂಬುದು ಅದರ ಸಾರ. ಸುಮಂತನಲ್ಲಿ ಎರಡೂ ಇದ್ದವು. ಹಾಸ್ಟೆಲ್‌ನಲ್ಲಿ ಅವನು ಹಳ್ಳಿಗುಗ್ಗು, ಊರಿನಲ್ಲಿ ಫ್ಲೆಕ್ಸ್ ಮೇಲಿನ ಡಾಕ್ಟರ್. 17 ಅಂಕ ತೆಗೆದ ಮಾಮೂಲಿ ಹುಡುಗನಿಗೆ ಎರಡೂ ಕಡೆ ಜಾಗವಿರಲಿಲ್ಲ. ದಸರಾಗೆ ಊರಿಗೆ ಹೋಗದಿದ್ದದ್ದೂ ಆ ಅರಳಿಕಟ್ಟೆ ದಾಟಬೇಕಲ್ಲ ಎಂಬ ಹಿಂಜರಿಕೆಯಿಂದ. ಹೊಗಳಿಕೆಯೂ ಮಗುವಿನ ಬೆನ್ನಿಗೆ ಹೊರೆಯಾಗಬಹುದು ಎಂದು ನಮ್ಮ ಊರುಗಳು ಯೋಚಿಸುವುದಿಲ್ಲ. ಅಂಕ ಬಂದ ಮಕ್ಕಳ ಫೋಟೊ ಹಾಕಿ ಫ್ಲೆಕ್ಸ್ ಕಟ್ಟುವುದನ್ನು ನಿಲ್ಲಿಸಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಚಿಕ್ಕಪ್ಪನ ವಿಷಯ

ಮನೆಯಲ್ಲಿ ಯಾರಾದರೂ ಆತ್ಮಹತ್ಯೆ ಮಾಡಿಕೊಂಡಿದ್ದಾರೆಯೇ ಎಂಬುದು ನಾವು ಕೇಳಲೇಬೇಕಾದ ಪ್ರಶ್ನೆ. ಅಪ್ಪ ‘ಇಲ್ಲ’ ಅಂದರು. ಅವ್ವ ಅವರ ಮುಖ ನೋಡಿದರು. ಆಮೇಲೆ ಬಂತು.

2015ರ ಮಳೆಗಾಲ ಮಂಡ್ಯದವರಿಗೆ ಮರೆಯುವಂಥದ್ದಲ್ಲ. ಕಬ್ಬಿನ ಬಿಲ್ ಬಾರದೆ, ಬೆಲೆ ಕುಸಿದು, ದಿನ ಬೆಳಗಾದರೆ ಒಂದೊಂದು ಊರಿಂದ ಸಾವಿನ ಸುದ್ದಿ. ಸುಮಂತನ ಚಿಕ್ಕಪ್ಪ ಹೋದದ್ದೂ ಆಗಲೇ. ಹುಡುಗನಿಗೆ ಆಗ ಆರು ವರ್ಷ, ಚಿಕ್ಕಪ್ಪನ ಹೆಗಲ ಮೇಲೆ ಬೆಳೆದವನು. ಅವನಿಗೆ ಯಾರೂ ಏನೂ ಹೇಳಲಿಲ್ಲ. ಹತ್ತು ವರ್ಷದಲ್ಲಿ ಅವನ ಕಿವಿಗೆ ಬಿದ್ದದ್ದು ಒಂದೇ ವಾಕ್ಯ: ‘ಸಾಲ ಜಾಸ್ತಿಯಾಗಿತ್ತು, ಪಾಪ, ಹೋಗ್ಬುಟ್ಟ.’ ಸಾಲ ಹೆಚ್ಚಾದರೆ ಮನುಷ್ಯ ಸಾಯುವುದು ಸಹಜ ಎಂಬಂತೆ ಆ ವಾಕ್ಯ ಮನೆಯಲ್ಲಿ ನೆಲೆ ನಿಂತಿತ್ತು. ಹತ್ತಿರದವರ ಆತ್ಮಹತ್ಯೆ ಕಂಡ ಮಕ್ಕಳಿಗೆ ಅಪಾಯ ಹೆಚ್ಚು ಎನ್ನುತ್ತೇವೆ. ಅದರಲ್ಲಿ ರಕ್ತಸಂಬಂಧದ ಪಾಲೂ ಇದೆ, ಸಾವಿನ ಬಗ್ಗೆ ಮನೆ ಕಲಿಸಿದ ಪಾಠದ ಪಾಲೂ ಇದೆ.

ಅಪ್ಪನಿಗೆ ಕೇಳಿದೆ: ‘ಯಜಮಾನ್ರೆ, ನಿಮ್ಮ ತಮ್ಮ ಕೊನೆ ಎರಡು ತಿಂಗಳು ಹೇಗಿದ್ರು?’

‘ನಿದ್ದೆ ಮಾಡ್ತಿರ್ನಿಲ್ಲ ಮೇಡಂ. ರಾತ್ರಿಯೆಲ್ಲ ಗದ್ದೆ ಬದೀಲಿ ಓಡಾಡೋನು. ಕುಡ್ಯೋದು ಜಾಸ್ತಿಯಾಗಿತ್ತು. ಯಾರ್ ಜೊತೇಲೂ ಮಾತಿಲ್ಲ. ಸಾಲದ ಯೋಚ್ನೆ ಅಂದ್ಕೊಂಡು ನಾವೂ ಸುಮ್ಕಾದ್ವಿ.’

ಅದು ಕಾಯಿಲೆಯ ಲಕ್ಷಣ. ಅದೇ ಸಾಲ ಅದೇ ಊರಿನ ನೂರಾರು ಮನೆಗಳಲ್ಲಿತ್ತು, ಅಷ್ಟೂ ಜನ ಸಾಯಲಿಲ್ಲ. ಸಾಲ ದೊಡ್ಡ ಪೆಟ್ಟೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರ ಮೇಲೆ ನಿದ್ದೆಗೇಡು, ಕುಡಿತ, ಒಂಟಿತನ, ಚಿಕಿತ್ಸೆ ಇಲ್ಲದ ಖಿನ್ನತೆ ಎಲ್ಲ ಸೇರಿದ್ದವು. ಅವುಗಳಲ್ಲಿ ಕೆಲವಕ್ಕಾದರೂ ಮದ್ದಿತ್ತು. ಇದನ್ನು ಹುಡುಗನ ಎದುರಿಗೇ ಅಪ್ಪನಿಂದ ಹೇಳಿಸಿದೆವು. ಚಿಕಿತ್ಸೆಯ ಉಳಿದ ಭಾಗಗಳಿಗಿಂತ ಈ ಒಂದು ಗಂಟೆ ಹೆಚ್ಚು ಕೆಲಸ ಮಾಡಿತು ಎಂದು ನನ್ನ ಅಭಿಪ್ರಾಯ.

ನೋಟ್‌ಬುಕ್ಕಿನ ಪುಟವನ್ನೂ ಸುಮಂತನ ಒಪ್ಪಿಗೆ ಕೇಳಿ ಅಪ್ಪನಿಗೆ ತೋರಿಸಿದೆವು. ಅವರು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ದೋಸೆಯ ಹತ್ತಿರ ಬೆರಳು ನಿಂತಿತು. ‘ಒಂದ್ ದೋಸೆ ತಿಂದಿದ್ದೂ ಬರ್ದವ್ನೆ ನೋಡಿ ಮೇಡಂ’ ಅಂದರು. ಆಮೇಲೆ ಮಗನಿಗೆ: ‘ನೀನು ಹುಟ್ಟಕ್ ಮುಂಚೇನೂ ಸಾಲ ಇತ್ತು ಕಣ್ಲಾ. ಅದು ನಂದು. ಯಾವನ್ಲಾ ನಿಂಗೆ ಲೆಕ್ಕ ಹಾಕು ಅಂದೋನು?’ ಬೈಗುಳದ ದನಿಯಲ್ಲೇ ಹೇಳಿದರು, ಹೇಳುತ್ತಾ ಮಗನ ಕೈ ಹಿಡಿದುಕೊಂಡಿದ್ದರು.

ಒಂದೇ ಕಾರಣದ ತೊಂದರೆ

ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ವರದಿಯಲ್ಲಿ ಕಾರಣಗಳ ಕೋಷ್ಟಕವೂ ಇದೆ: ಕೌಟುಂಬಿಕ ಸಮಸ್ಯೆ, ಕಾಯಿಲೆ, ಸಾಲ, ಪ್ರೇಮ ಪ್ರಕರಣ, ಪರೀಕ್ಷೆಯಲ್ಲಿ ಅನುತ್ತೀರ್ಣ. ಪ್ರತಿ ಸಾವೂ ಒಂದು ಶೀರ್ಷಿಕೆಯಡಿ ಸೇರಬೇಕು. ಪೊಲೀಸ್ ದಾಖಲೆಗೆ ಅದು ಅನಿವಾರ್ಯವಿರಬಹುದು. ಮನೆ, ಕಾಲೇಜು, ಪತ್ರಿಕೆಗಳು ಹಾಗೆಯೇ ಯೋಚಿಸಲು ಶುರು ಮಾಡಿದಾಗ ಕಷ್ಟ. ಆತ್ಮಹತ್ಯೆಯ ಬಗೆಗಿನ ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2017ರಲ್ಲಿ ಪ್ರಕಟವಾಯಿತು. ಯಾವ ಒಂದು ಅಪಾಯಕಾರಿ ಅಂಶವನ್ನು ಹಿಡಿದುಕೊಂಡೂ ಮುಂದೆ ಏನಾಗುತ್ತದೆ ಎಂದು ನೆಚ್ಚಿ ಹೇಳಲು ಸಾಧ್ಯವಿಲ್ಲ ಎಂದು ಅದು ತೋರಿಸಿತು. ಹಾಗಾಗಿ ಪಟ್ಟಿ ಹಿಡಿದು ಟಿಕ್ ಹಾಕುವುದರಿಂದ ಪ್ರಯೋಜನ ಕಡಿಮೆ. ಈ ಮಗುವಿನಲ್ಲಿ ಯಾವುದು ಯಾವುದಕ್ಕೆ ಸೇರಿಕೊಂಡಿದೆ ಎಂದು ಕೂತು ಕೇಳಬೇಕು.

ಕಾಲೇಜಿನವರು ಒಂದೇ ಕಾರಣ ಹಿಡಿದದ್ದರಿಂದ ಪರಿಹಾರವೂ ಒಂದೇ ಹೊಳೆಯಿತು: ‘ಸೈನ್ಸ್ ಅವನಿಗೆ ಆಗಲ್ಲ, ಟಿಸಿ ತಗೊಂಡು ಹೋಗಿ.’ ಅವತ್ತೇ ಸಂಜೆಯೊಳಗೆ ಹಾಸ್ಟೆಲ್ ಖಾಲಿ ಮಾಡಿಸಲು ಹೊರಟಿದ್ದರು. ತಮ್ಮ ಆವರಣದಲ್ಲಿ ಏನಾದರೂ ಆದರೆ ಎಂಬ ಅವರ ಭಯ ಅರ್ಥವಾಗುತ್ತದೆ. ಆದರೆ ನಾನು ಎಲ್ಲಿಗೂ ಸೇರಿದವನಲ್ಲ ಎಂದು ನರಳುತ್ತಿರುವ ಮಗುವಿಗೆ ಅದೇ ಗಳಿಗೆಯಲ್ಲಿ ಟಿಸಿ ಕೊಡುವುದು ಕ್ರೌರ್ಯ. ಚಿಕಿತ್ಸೆಯ ರಜೆ ಎಂದು ಬರೆಸಿ, ಹೆಸರು ಹಾಜರಿ ಪುಸ್ತಕದಲ್ಲಿ ಉಳಿಸಿಕೊಂಡೆವು. ಅದಕ್ಕೆ ಕನ್ನಡ ಉಪನ್ಯಾಸಕರೇ ಪ್ರಾಂಶುಪಾಲರ ಕೋಣೆಯಲ್ಲಿ ನಿಂತು ಮಾತಾಡಬೇಕಾಯಿತು.

ಮಾಡಿದ್ದೇನು

ಎಲ್ಲಕ್ಕಿಂತ ಮೊದಲು ಮನೆಯನ್ನು ಸುರಕ್ಷಿತ ಮಾಡುವುದು. ಸಾಯಬೇಕೆಂಬ ತೀವ್ರವಾದ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆಟುಕದಿದ್ದರೆ ಎಷ್ಟೋ ಜೀವ ಉಳಿಯುತ್ತದೆ. ಶ್ರೀಲಂಕಾ 1990ರ ದಶಕದಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂತು, ಎರಡು ದಶಕದಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ಹೊಲಕ್ಕೆ ಹೊಡೆಯುವ ಔಷಧಿ ಯಾವುದೂ ಮನೆಯಲ್ಲಿ, ಕೊಟ್ಟಿಗೆಯಲ್ಲಿ ಇರಬಾರದು ಎಂದು ಅಪ್ಪನಿಗೆ ಹೇಳಿದೆವು. ಅವರು ಅವತ್ತು ರಾತ್ರಿಯೇ ಎಲ್ಲ ಸಾಗಿಸಿ ಫೋನ್ ಮಾಡಿದರು. ಹುಡುಗ ಕೆಲವು ವಾರ ರಾತ್ರಿ ಅಪ್ಪನ ಪಕ್ಕದಲ್ಲೇ ಮಲಗಿದ. ಮಾತ್ರೆಯ ಡಬ್ಬಿ ಅವ್ವನ ಬೀರುವಿನಲ್ಲಿ, ಬೀಗದೊಳಗೆ.

ಖಿನ್ನತೆಗೆ ಕೊಡುವ ಫ್ಲುಯಾಕ್ಸೆಟಿನ್ ಮಾತ್ರೆ ಕಡಿಮೆ ಪ್ರಮಾಣದಲ್ಲಿ ಶುರುವಾಯಿತು. ‘ಅಭ್ಯಾಸ ಆಗ್ಬುಡ್ತದಾ?’ ಎಂದು ಅಪ್ಪ ಕೇಳಿದರು. ಇದು ಚಟ ಹಿಡಿಸುವ ಮಾತ್ರೆಯಲ್ಲ, ಕೆಲಸ ಮಾಡಲು ಕೆಲವು ವಾರ ಬೇಕು, ವೈದ್ಯರನ್ನು ಕೇಳದೆ ನಿಲ್ಲಿಸಬಾರದು ಎಂದು ವಿವರಿಸಿದೆವು. ಇಂಥ ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಎಳೆಯರಲ್ಲಿ ಚಡಪಡಿಕೆ, ಸಾವಿನ ಯೋಚನೆ ಹೆಚ್ಚಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಕೆ ಕೊಟ್ಟಿದೆ. ಅದಕ್ಕೇ ಮೊದಲ ತಿಂಗಳು ವಾರವಾರ ಬರಹೇಳಿದೆವು, ಬಾರದ ದಿನ ನಾವೇ ಫೋನ್ ಮಾಡಿದೆವು.

ಅವ್ವನಿಗೆ ಇದ್ದ ಭಯ ಬೇರೆ: ಪೊಲೀಸ್ ಕೇಸ್ ಆಗುತ್ತದೆಯೇ? ಯೋಚನೆ ಬರುವುದು ಯಾವತ್ತೂ ಅಪರಾಧವಾಗಿರಲಿಲ್ಲ. ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಸಂಘದ ಕಂತಿನವರು ಮನೆ ಮುಂದೆ ಕೂಗಾಡುವುದನ್ನೂ ಅವರು ಹೇಳಿಕೊಂಡರು. ವಸೂಲಿಗೆ ಬಲವಂತ, ಬೆದರಿಕೆ ಮಾಡುವುದನ್ನು ತಡೆಯಲು ರಾಜ್ಯ 2025ರಲ್ಲಿ ಕಾನೂನು ತಂದಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಇದು ಕೌನ್ಸೆಲಿಂಗ್‌ನ ಹೊರಗಿನ ಮಾತು ಎಂದು ಕೆಲವರು ಅನ್ನಬಹುದು. ಮಗು ತನ್ನನ್ನು ಸಾಲದ ಲೆಕ್ಕದಲ್ಲಿ ಬರೆದುಕೊಂಡಿರುವಾಗ ಸಾಲದ ವಿಷಯ ಬಿಟ್ಟು ಚಿಕಿತ್ಸೆ ಮಾಡಲು ಬರುವುದಿಲ್ಲ.

ಸುಮಂತ ತಾನೇ ಬರೆದ ಸುರಕ್ಷತಾ ಚೀಟಿ ಒಂದಿತ್ತು. ಯೋಚನೆ ಜೋರಾಗುವ ಮುಂಚೆ ಏನಾಗುತ್ತದೆ (ಮೂರು ಗಂಟೆಗೆ ಎಚ್ಚರ, ಎದೆ ಬಿಗಿತ), ಆಗ ಒಬ್ಬನೇ ಏನು ಮಾಡಬಲ್ಲೆ (ಎದ್ದು ದನಗಳ ಹತ್ತಿರ ಹೋಗುವುದು), ಯಾರನ್ನು ಎಬ್ಬಿಸಬೇಕು (ಅಪ್ಪ), ಯಾರಿಗೆ ಫೋನ್ (ಅಕ್ಕ, ರೂಮ್‌ಮೇಟ್), ಅವರೂ ಸಿಗದಿದ್ದರೆ 14416.

ನಂತರದ ತಿಂಗಳುಗಳು

ನಿದ್ದೆ ಮೂರನೇ ವಾರಕ್ಕೆ ಸುಧಾರಿಸಿತು. ಮನಸ್ಸು ನಿಧಾನವಾಗಿ. ಅವನು ಅದೇ ಹಾಸ್ಟೆಲ್‌ಗೆ ಮರಳಲು ಒಪ್ಪಲಿಲ್ಲ, ನಾವೂ ಒತ್ತಾಯ ಮಾಡಲಿಲ್ಲ. ಸೋದರತ್ತೆಯ ಮನೆ ಶ್ರೀರಂಗಪಟ್ಟಣದಲ್ಲಿದೆ, ಅಲ್ಲಿಂದ ದಿನಾ ಬಸ್ಸಿನಲ್ಲಿ ಅದೇ ಕಾಲೇಜಿಗೆ ಓಡಾಡಿದ. ಭೌತಶಾಸ್ತ್ರ ಈಗಲೂ ಕಷ್ಟವೇ. ವಾರ್ಷಿಕ ಪರೀಕ್ಷೆಯಲ್ಲಿ ಪಾಸಾದ, ಅಂಕ ಹೇಳಿಕೊಳ್ಳುವಂಥದ್ದಲ್ಲ. ಮುಂದೆ ಏನು ಓದಬೇಕು ಎಂಬುದನ್ನು ಮನಸ್ಸು ಪೂರ್ತಿ ಸ್ಥಿಮಿತಕ್ಕೆ ಬಂದ ಮೇಲೆ ತೀರ್ಮಾನಿಸೋಣ ಎಂದು ಎಲ್ಲರೂ ಒಪ್ಪಿದ್ದೇವೆ. ಅರಳಿಕಟ್ಟೆಯ ಫ್ಲೆಕ್ಸನ್ನು ಅಪ್ಪ ಯಾರಿಗೂ ಹೇಳದೆ ಬಿಚ್ಚಿಸಿದರು.

ಯೋಚನೆ ಮತ್ತೆ ಬರಲೇ ಇಲ್ಲ ಎಂದೇನೂ ಅಲ್ಲ. ಪರೀಕ್ಷೆಗೆ ಹತ್ತು ದಿನ ಇರುವಾಗ ಒಂದು ರಾತ್ರಿ ಜೋರಾಗಿ ಬಂತು. ಅತ್ತೆಯನ್ನು ಎಬ್ಬಿಸಲು ಸಂಕೋಚವಾಗಿ ತಾನೇ 14416ಕ್ಕೆ ಫೋನ್ ಮಾಡಿ ಮಾತಾಡಿದ, ಆಮೇಲೆ ಅಪ್ಪನಿಗೂ ಮಾಡಿದ. ಅಪ್ಪ ಬೆಳಗಿನ ಮೊದಲ ಬಸ್ಸಿಗೆ ಬಂದರು. ಮಾರನೆಯ ದಿನವೇ ವೈದ್ಯರು ನೋಡಿ ಮಾತ್ರೆಯ ಪ್ರಮಾಣ ಸರಿಪಡಿಸಿದರು.

ಅವತ್ತು ಹೊರಡುವ ಮುಂಚೆ ಅಪ್ಪ ಒಬ್ಬರೇ ಒಳಗೆ ಬಂದು, ‘ನಂಗೂ ರಾತ್ರಿ ನಿದ್ದೆ ಬತ್ತಾ ಇಲ್ಲ ಮೇಡಂ, ಬಾಳ ದಿವ್ಸದಿಂದ’ ಅಂದರು. ಅವರನ್ನೂ ಅದೇ ಪ್ರಶ್ನೆಗಳನ್ನು ನೇರವಾಗಿ ಕೇಳಿದೆ. ಈಗ ಅವರಿಗೂ ಪ್ರತ್ಯೇಕ ಫೈಲ್ ಇದೆ, ಪಾಂಡವಪುರದ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಅಲ್ಲೇ ತೋರಿಸಿಕೊಳ್ಳುತ್ತಿದ್ದಾರೆ. ಮಗನ ಮಾತ್ರೆ ಇನ್ನೂ ಕೆಲವು ತಿಂಗಳು ಮುಂದುವರಿಯಬೇಕು. ತಿಂಗಳಿಗೊಮ್ಮೆ ಬರುತ್ತಾನೆ, ಮುಂದಿನ ಭೇಟಿಗೆ ಅಕ್ಕನನ್ನೂ ಕರೆತರಲು ಹೇಳಿದ್ದೇವೆ.